ಪಣಂಬೂರಿನ ಮಣ್ಣು, ಬಾವಿಯ ನೀರು

ಕುದುರೆಮುಖದ ಅದಿರು ಕೆಸರಿನ ರೂಪದಲ್ಲಿ 67 ಕಿಲೋಮೀಟರ್ ಕೊಳವೆಯ ಮೂಲಕ ಇಳಿದು ಪಣಂಬೂರಿನ ಬಂದರನ್ನು ಸೇರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದುದರಿಂದ ಘಟ್ಟದ ಕೆಳಗಿನ ಆ ನೆಲ ನಮಗೆ ಪರಕೀಯವಲ್ಲ. ಗೊಬ್ಬರ, ತೈಲ, ಕಲ್ಲಿದ್ದಲುಗಳ ನೆರೆಯಲ್ಲಿರುವ ಬಾವಿಗಳ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ‘ಪರೀಕ್ಷೆಯಾಗಿದೆ’ ಎಂಬ ಒಂದು ಮಾತು ಉತ್ತರವಾಗಲಾರದು.

ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ ಮಾದರಿ ತೆಗೆದರು? ಕರಾವಳಿಯ ಮುರಕಲ್ಲಿನಲ್ಲಿ ಕಬ್ಬಿಣ ಸಹಜವಾಗಿಯೇ ಹೇರಳ. ಕಾರ್ಖಾನೆಯ ಸೋಂಕಿಲ್ಲದ ಅದೇ ಬಗೆಯ ಮಣ್ಣನ್ನು ಹೋಲಿಕೆಗೆ ಇಡದಿದ್ದರೆ ಅಂಕಿಗಳು ಯಾರ ಪರವಾಗಿಯಾದರೂ ಸಾಕ್ಷಿ ನುಡಿದಾವು. ಶ್ರಾವಣದಲ್ಲಿ ತುಂಬಿದ ಬಾವಿಯ ನೀರು ಮಳೆ ಬೆರೆತು ತೆಳುವಾದುದು; ಮೇ ತಿಂಗಳ ತಳದ ನೀರನ್ನೂ ನೋಡಬೇಕು. ಆಗ ಕ್ಲೋರೈಡ್ ಏರಿದ್ದರೆ ಅದು ಸಮುದ್ರದ ಉಪ್ಪೂ ಇರಬಹುದು. ಎಲ್ಲವನ್ನೂ ಕಾರ್ಖಾನೆಯ ತಲೆಗೆ ಕಟ್ಟುವುದು ನಮಗೂ ಶೋಭಿಸದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಸಲ್ಲದು, ಆದರೆ ಹತ್ತಿರದ ಶೌಚಗುಂಡಿಯನ್ನೂ ಗಮನಿಸಬೇಕು. ತೈಲದ ಪರೀಕ್ಷೆಗಂತೂ ಶುದ್ಧ ಗಾಜಿನ ಶೀಷೆಯೇ ಬೇಕು. ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಒಯ್ಯುವ ಉತ್ಸಾಹಿಗಳು ಇದನ್ನು ಮರೆಯದಿರಲಿ.

ವರದಿಯ ಕೊನೆಯ ಪುಟವಷ್ಟೇ ಸಾಲದು. ಮಾದರಿಯ ಸ್ಥಳ, ದಿನಾಂಕ, ಆಳಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬೇಕು.