ಹನ್ನೆರಡ ಚಾನೆಲ್ಲಿನ ಮಿಕ್ಸರ ನಮಗ್ಯಾಕ್ರಿ?

ಮಿಕ್ಸರ ಅಂದಕೂಡ್ಲೆ ಶೇಂಗಾ ಹಿಂಡಿನ ಕಣ್ಣಮುಂದ ಬರತೈತಿ, ಖರೆ. ನಾ ಹೇಳಾಕತ್ತಿದ್ದು ಹಾಡಿನ ಮಿಕ್ಸರ. ಅರಭಾವ್ಯಾಗ ನಮ್ಮ ಓಣಿ ಭಜನಾದ ಅಕ್ಕಾರು, ವೈನ್ಯಾರು ಸಂಘದ ರೊಕ್ಕದಾಗ ಹನ್ನೆರಡ ಚಾನೆಲ್ಲಿಂದ ತರೂಣು ಅಂತ ಕುಂತಾರ. ನಾ ಬ್ಯಾಡ ಅಂತೇನಿ.

ಡಬ್ಬಿ ಮ್ಯಾಲಿನ ಅಂಕಿ ಅಂದ್ರ ಮೈಕಿನ ಲೆಕ್ಕ ಅಲ್ರಿ. ಯಮಹಾದ ಎಂಜಿ12ಕ್ಕ ಆರ ಮೈಕ, ಎಂಜಿ10ಕ್ಕ ನಾಕ, ಎಂಜಿ06ಕ್ಕ ಎರಡ ಅಷ್ಟ ಹಚ್ಚಾಕ ಬರತೈತಿ. ನಮ್ಮಲ್ಲಿ ಹಾಡಾಕ ಇಬ್ಬರು, ಒಂದ ಪೇಟಿ, ಒಂದ ತಬಲಾ. ನಾಕ ಸಾಕು. ಎಂಜಿ10ರ ಮುಂದ ಎಕ್ಸಯು ಅಂತ ಇದ್ದರ ಎಫೆಕ್ಟ, ಯುಎಸ್‌ಬಿ ಎರಡೂ ಇರತಾವ. ಯುಎಸ್‌ಬಿ ಇರಲಿ, ಕಂಪ್ಯೂಟರಿಗೆ ಹಚ್ಚಾಕ ಸಲೀಸು. ಎಫೆಕ್ಟ ಮಾತ್ರ ಮುಟ್ಟಬ್ಯಾಡ್ರಿ. ಕೃಷ್ಣ ಪಾರಿಜಾತದ ಕೌಜಲಗಿ ನಿಂಗಮ್ಮ ನಮ್ಮ ಸೀಮಿಯವರು. ಅಂಥಾ ನೆಲದಾಗಿನ ಬೀಸೂ ಪದ, ಸೋಬಾನಿ ಪದಕ್ಕ ಬಾವ್ಯಾಗಿಂದ ಹಾಡಿಧಂಗ ದನಿ ಯಾಕ ಬೇಕು? ಅಜ್ಜ್ಯಾರ ದನಿ ಇದ್ದದ್ದ ಇದ್ದಂಗ ಉಳೀಬೇಕು. ಅವರು ಇರೂತನಕ ಅಷ್ಟ ಅದು ಸಿಗೂದು.

ಇನ್ನ ಸುಸ್ ಅನ್ನೂ ಸಪ್ಪಳ. ಗೋಕಾಕಕ್ಕ ತರಾಕ ಹೋದಾಗ ಹೆಡ್‌ಫೋನ, ಮೈಕ ಕೈಯಾಗ ಒಯ್ಯಿರಿ. ಮೊದಲ ಒಬ್ಬರು ಹಾಡಿ ಗೇನ್ ಹೊಂದಿಸ್ರಿ. ಆಮ್ಯಾಲ ಸುಮ್ಮ ನಿಂತು ಕೇಳ್ರಿ. ಸುಸ್ ಕಡಿಮಿ ಯಾವುದರಾಗ ಐತೋ ಅದ ನಮ್ಮದು. ಅಂಗಡಿಯಾಂವ ಹಾಡಿನ ಕ್ಯಾಸೆಟ್ ಹಚ್ಚಿ ತೋರಿಸಿದ್ರ ಏನೂ ತಿಳಿಯೂದಿಲ್ಲ. ಮನಿಗೆ ತಂದಮ್ಯಾಲೂ ಅದ ಪದ್ಧತಿ: ಜೋರ ಹಾಡಿದಾಗ ಕೆಂಪ ಲೈಟ ಹತ್ತಬಾರದು, ಅಲ್ಲೀತನಕ ಗೇನ್ ಏರಿಸ್ರಿ. ಗೇನ್ ಕಡಿಮಿ ಇಟ್ಟ ಕಡೀಕ ವಾಲ್ಯೂಮ್ ತಿರುವಿದ್ರ ಹಾಡಿನ ಕೂಡ ಸುಸ್ಸೂ ಏರತೈತಿ.

ಗುಂಯ್ ಅಂತಿದ್ರ ಬ್ಯಾರೆ ಕಥಿ. ಅದು ಬಾಳಷ್ಟ ಸಲ ಕರೆಂಟಿಂದು. ಅರ್ಥಿಂಗ ನೋಡಸ್ರಿ, ಎಲ್ಲಾ ಪಿನ್ನ ಒಂದ ಬೋರ್ಡಿಗೆ ಹಾಕ್ರಿ. ಮೈಕಿಗೆ ಮೂರ ಪಿನ್ನಿನ ವಾಯರ ಬೇಕ ಬೇಕು. ತಗಡಿನ ಮನಿ, ಫ್ಯಾನ, ಬೋರಿನ ಮೋಟರ, ಹಾಡ ಹಚ್ಚಕೊಂಡ ಹೊಂಟ ಕಬ್ಬಿನ ಟ್ರ್ಯಾಕ್ಟರ, ಇವಕ್ಕ ಲಕ್ಷ ರೂಪಾಯಿ ಮಿಕ್ಸರೂ ಏನ ಮಾಡೀತು? ಕ್ವಾಣಿ ಬಾಗಲಾ ಹಾಕಿ, ಗ್ವಾಡಿಗೆ ನಾಕ ಕೌದಿ ಇಳಿಬಿಡ್ರಿ. ನಮ್ಮ ಕೌದಿಯಷ್ಟ ಸಪ್ಪಳ ನುಂಗೂದು ಪ್ಯಾಟ್ಯಾಗ ಸೋವಿ ಸಿಗೂದಿಲ್ಲ.

ಒಂದ ತೊಂದ್ರಿ ಐತಿ, ಮುಚ್ಚಿಡೂದಿಲ್ಲ. ಇಂಥ ಸಣ್ಣ ಮಿಕ್ಸರಿನ ಯುಎಸ್‌ಬಿ ಎಲ್ಲಾ ದನಿ ಕಲಸೇ ಕಂಪ್ಯೂಟರಿಗೆ ಕಳಸತೈತಿ. ಪೇಟಿ ಜೋರಾದ್ರ ಆಮ್ಯಾಲ ಅದನ್ನಷ್ಟ ಇಳಸಾಕ ಬರೂದಿಲ್ಲ. ಬರೇ ಮನ್ಯಾಗ ಹಿಡಿಯೂದಿದ್ರ ಫೋಕಸ್‌ರೈಟಿನ ಸ್ಕಾರ್ಲೆಟ್ 2ಐ2 ಅಂಥಾ ಎರಡ ಮೈಕಿನ ಡಬ್ಬಿ ಚಲೋ, ಎರಡೂ ದನಿ ಬ್ಯಾರೆಬ್ಯಾರೆ ಉಳೀತಾವ. ಆದ್ರ ಸೋಮವಾರ ಗುಡ್ಯಾಗ ಸ್ಪೀಕರಿಗೂ ಹಚ್ಚಬೇಕಲ್ಲ, ಅದಕ್ಕ ನಾಕ ಮೈಕಿನ ಮಿಕ್ಸರ ಅಂತೇನಿ.

ಉಳದ ರೊಕ್ಕಕ್ಕ ಮೈಕ, ವಾಯರ, ಸ್ಟ್ಯಾಂಡ ತರ್ರಿ. ನಮ್ಮತ್ತಿಯವರು ಬೀಸೂ ಕಲ್ಲಿನ ಮುಂದ ಕುಂತರಷ್ಟ ಹಾಡತಾರ, ಹಂಗಾಗಿ ಒಂದ ಸ್ಟ್ಯಾಂಡ ಗಿಡ್ಡಂದ ಇರಲಿ.