ಪಂಪ್ ಸ್ಟೌ ಭಂಗಾರಕ್ಕೆ ಹೋಗುವ ಮುನ್ನ

ಪುಣೆ-ಸೋಲಾಪುರ ಹೆದ್ದಾರಿಯ ಇಂದಾಪುರದಲ್ಲಾಗಲಿ, ಪುಣೆ ನಗರದ ಪೇಟೆಗಳಲ್ಲಾಗಲಿ, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಎಷ್ಟೋ ಕನ್ನಡಿಗರ ಮೊದಲ ಅಡುಗೆಮನೆಯೆಂದರೆ ಒಂದು ಹಿತ್ತಾಳೆಯ ಪಂಪ್ ಸ್ಟೌ, ಒಂದು ಡಬ್ಬಿ ಸೀಮೆಎಣ್ಣೆ, ಎರಡು ಪಾತ್ರೆ. ಬರ್ಮಾ ಶೆಲ್ ಕಂಪೆನಿ 1955ರಲ್ಲೇ ಮುಂಬಯಿಗೆ ಅಡುಗೆ ಅನಿಲ ತಂದರೂ ಜನಸಾಮಾನ್ಯರ ಮನೆಗೆ ಸಿಲಿಂಡರ್ ಬರಲು ದಶಕಗಳೇ ಬೇಕಾದವು. ಅದು ಬಂದ ಮೇಲೆ ಅಟ್ಟ ಸೇರಿದ ಸ್ಟೌ ಈಗ ಕಿಲೋ ಲೆಕ್ಕದಲ್ಲಿ ಭಂಗಾರದವನ ತಕ್ಕಡಿ ಏರುತ್ತಿದೆ.

ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಈ ಸ್ಟೌಗಳ ಮೂಲಪುರುಷ. 1911ರಲ್ಲಿ ದಕ್ಷಿಣ ಧ್ರುವ ತಲುಪಿದ ಅಮುಂಡ್ಸೆನ್ ತಂಡದ ಊಟ ಬೆಂದದ್ದೂ ಅದರ ಮೇಲೆಯೇ. ಬರ್ನರ್ ಸ್ಪಿರಿಟ್‌ನಿಂದ ಕಾದರೆ ಎಣ್ಣೆ ಆವಿಯಾಗಿ ಸಣ್ಣ ರಂಧ್ರದಿಂದ ನುಗ್ಗಿ, ಗಾಳಿ ಬೆರೆತು ನೀಲಿ ಜ್ವಾಲೆ ಆಗುತ್ತದೆ. ಬತ್ತಿಯ ಮಸಿಯಿಲ್ಲದ ಈ ಉರಿ ಅಂದಿನ ಗೃಹಿಣಿಗೆ ದೊಡ್ಡ ವರವೇ ಆಗಿತ್ತು.

ಇಂಥ ಹಳೆಯ ಸ್ಟೌಗಳನ್ನು ಹುಡುಕಿ ದುರಸ್ತಿ ಮಾಡುವ ಹವ್ಯಾಸಿಗಳು ಇಂದು ದೇಶ ವಿದೇಶಗಳಲ್ಲಿದ್ದಾರೆ. ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಒಣಗಿದ ಚರ್ಮದ ವಾಷರನ್ನು ಎಣ್ಣೆಯಲ್ಲಿ ನೆನೆಸಬೇಕು, ಪಂಪಿನ ತುದಿಯ ವಾಲ್ವ್ ಬದಲಿಸಬೇಕು, ನಿಪ್ಪಲ್‌ನ ಕಸವನ್ನು ಪಿನ್ನಿನಿಂದ ತೆಗೆಯಬೇಕು. ಖಾಲಿ ಟ್ಯಾಂಕಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಸೋರುವ ಬೆಸುಗೆ ಗುಳ್ಳೆಗಳಿಂದ ಗೊತ್ತಾಗುತ್ತದೆ. ತಿಕ್ಕಲು ಹುಣಸೆಹುಳಿ ಸಾಕು. ಯಂತ್ರದಲ್ಲಿ ಪಾಲಿಶ್ ಕೊಟ್ಟು ತಯಾರಕರ ಮುದ್ರೆ ಅಳಿಸಿದರೆ ಸ್ಟೌ ಹೊಳೆಯುತ್ತದೆ, ಆದರೆ ಅದರ ಜಾತಕವೇ ಹೋಗುತ್ತದೆ.

ಹೊಳಪಿನಲ್ಲಿ ಮರೆಯಬಾರದ ಮತ್ತೊಂದು ಸಂಗತಿಯಿದೆ. ಒಂದು ಕಾಲದಲ್ಲಿ "ಸ್ಟೌ ಸಿಡಿದು ಗೃಹಿಣಿ ಸಾವು" ಎಂಬುದು ಪತ್ರಿಕೆಗಳಲ್ಲಿ ಮಾಮೂಲಿ ಸುದ್ದಿ. ಕೆಲವು ನಿಜವಾದ ಅವಘಡಗಳೇ: ಸೋರುವ ಟ್ಯಾಂಕು, ಕಲಬೆರಕೆ ಎಣ್ಣೆ, ಉರಿಯುವಾಗಲೇ ಎಣ್ಣೆ ಸುರಿಯುವ ಅವಸರ. ಆದರೆ ಅತ್ತೆ ಮಾವ ಆರಾಮವಾಗಿದ್ದು, ಹೊಸ ಸೊಸೆಯ ಕೈಯಲ್ಲಿ ಮಾತ್ರ ಸ್ಟೌ ಸಿಡಿಯುವುದೇಕೆ ಎಂದು ಮಹಿಳಾ ಸಂಘಟನೆಗಳು ಕೇಳಿದವು. ಭಾರತೀಯ ದಂಡ ಸಂಹಿತೆಗೆ 1983ರಲ್ಲಿ 498ಎ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮುಗಳು ಸೇರಿದ್ದು ಇಂಥ ಹೋರಾಟದ ಫಲ. ಮನುಷ್ಯ ಮಾಡಿದ ಪಾಪವನ್ನು ಮೂಕ ಹಿತ್ತಾಳೆಯ ತಲೆಗೆ ಕಟ್ಟಲಾಗಿತ್ತು ಎಂದರೆ ತಪ್ಪಾಗಲಾರದು. ಸ್ಟೌವನ್ನು ಉಳಿಸುವವರು ಈ ಅಧ್ಯಾಯವನ್ನೂ ಉಳಿಸಬೇಕು.

ನಿತ್ಯ ಬಳಕೆಯ ವಸ್ತುಗಳೇ ಚರಿತ್ರೆ ಎಂಬುದಕ್ಕೆ ದಿನಕರ ಕೇಳ್ಕರ್ ಅವರು ಮಗ ರಾಜಾನ ನೆನಪಿನಲ್ಲಿ ಕಟ್ಟಿದ ಪುಣೆಯ ವಸ್ತುಸಂಗ್ರಹಾಲಯವೇ ಸಾಕ್ಷಿ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಶಾಲು, ಫಲಪುಷ್ಪ, ಸ್ಮರಣಿಕೆಗಳಿಗೆ ಮಾಡುವ ಖರ್ಚಿನಲ್ಲಿ ಒಂದು ಗಾಜಿನ ಕಪಾಟು ತರುವುದು ಅಸಾಧ್ಯವೇನಲ್ಲ. ಅದರಲ್ಲಿ ಸದಸ್ಯರ ಮನೆಯ ಹಳೆಯ ಸ್ಟೌಗಳನ್ನಿಡಲಿ. ಪ್ರತಿಯೊಂದರ ಕೆಳಗೆ ಯಾವ ಊರಿನಿಂದ ಬಂದವರದು, ಯಾವ ಖೋಲಿಯಲ್ಲಿ ಎಷ್ಟು ಮಂದಿಗೆ ಅನ್ನ ಬೇಯಿಸಿತು ಎಂದು ಎರಡು ಸಾಲು ಬರೆಯಲಿ. ಸಭಾಗೃಹದಲ್ಲಿ ಮಾತ್ರ ಯಾರೂ ಉರಿಸಿ ತೋರಿಸುವುದು ಬೇಡ.

ಆ ಎರಡು ಸಾಲು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಿತ್ತಾಳೆ ಇನ್ನೂ ನೂರು ವರ್ಷ ಬಾಳೀತು, ಅವರ ನೆನಪು ಅಷ್ಟು ಕಾಲ ಕಾಯುವುದಿಲ್ಲ. ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ ಇದನ್ನು ಚರ್ಚೆಗೆ ಎತ್ತಿಕೊಳ್ಳುವುದು ಒಳಿತು.