ಲವ್ ಬರ್ಡ್‌ನ ಊರು ಯಾವುದು?

ಹೋದ ಸಲ ಪಾಮನಕಲ್ಲೂರಿಗೆ ಹೋದಾಗ ಅಕ್ಕನ ಮಗ ಪಂಜರ ತೋರಿಸಿ, "ಮಾಮಾ, ಲವ್ ಬರ್ಡ್ಸ್ ನೋಡು" ಅಂದ. ನೋಡಿದರೆ ಬಜರಿಗರ್! ಅದು ಆಸ್ಟ್ರೇಲಿಯಾದ ಹಕ್ಕಿ. ನಮ್ಮ ಅಂಗಡಿಗಳಲ್ಲಿ ಅದಕ್ಕೇ ಆ ಹೆಸರು.

ನಿಜವಾದ ಲವ್ ಬರ್ಡ್‌ಗಳ ತವರು ಆಫ್ರಿಕಾ. ಅದರಲ್ಲೊಂದು ಕಪ್ಪು ಕೆನ್ನೆಯದು. ಸುಮಾರು 14 ಸೆಂ.ಮೀ. ಉದ್ದದ ಈ ಹಸಿರು ಹಕ್ಕಿ ಇರುವುದು ಜಾಂಬಿಯಾದ ನೈರುತ್ಯ ಭಾಗದ ಮೊಪಾನೆ ಕಾಡಿನಲ್ಲಿ. ನಮ್ಮ ಹೊಲದ ಗಿಳಿಯ ಹಾಗೆ ಜೋಳದ ತೆನೆಗೂ ಬಾಯಿ ಹಾಕುತ್ತದೆ. 1929ರಲ್ಲಿ ಬರೀ ನಾಲ್ಕು ವಾರದಲ್ಲಿ 16,000 ಹಕ್ಕಿಗಳನ್ನು ಪಂಜರದ ವ್ಯಾಪಾರಕ್ಕೆ ಹಿಡಿದರು. ಈಗ ದೊಡ್ಡ ಭಯ ನೀರಿನದು. ಇವಕ್ಕೆ ದಿನಾ ಕುಡಿಯಲು ನೀರು ಬೇಕೇ ಬೇಕು, ಹೊಂಡಗಳು ಬತ್ತುತ್ತಿವೆ. ಬತ್ತಿದ ಹಳ್ಳ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಎಲ್ಲ ಕೇಳಿ ಹುಡುಗ, "ಹಂಗಾರ ಇವನ್ನ ಬಿಟ್ಟುಬಿಡ್ಲಾ?" ಅಂದ.

"ಬ್ಯಾಡ. ಪಂಜರದಾಗ ಹುಟ್ಟಿದವು, ಹೊರಗ ಬದುಕಂಗಿಲ್ಲ. ದೊಡ್ಡ ಪಂಜರ ತರೋಣು. ನೀನು ದಿನಾ ನೀರು ಬದಲಿಸು. ಹೊಲದ ಗಿಳಿ ಮಾತ್ರ ಹಿಡೀಬ್ಯಾಡ."

ಆ ಗಿಳಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ಮನೆಯಲ್ಲೂ ಪಂಜರ ಇದ್ದರೆ, ಒಳಗಿರುವುದು ಯಾರು ಅಂತ ಒಮ್ಮೆ ನೋಡಿ.